ಸ್ವಿಚ್ಚು ಯಾವ ತಂತಿಯಲ್ಲಿದೆ?

ಚೌತಿಗೆ ಎಂಟು ದಿನ ಇರುವಾಗ ಕಾರವಾರದ ಸುತ್ತಮುತ್ತಲಿನ ಮನೆಗಳಿಂದ ನನಗೆ ಬರುವ ಕರೆಗಳಲ್ಲಿ ಅರ್ಧಕ್ಕರ್ಧ ಒಂದೇ ಬಗೆಯವು. ಗಣಪತಿ ಕೂರಿಸುವ ಕೋಣೆಗೆ ಸುಣ್ಣಬಣ್ಣ ಆಗಿರುತ್ತದೆ, ಹಳೆಯ ಹೋಲ್ಡರು ಬಿಚ್ಚಿ ಹೊಸದನ್ನು ಕೂಡಿಸಲು ಮನೆಯವರೇ ಸ್ಟೂಲು ಹತ್ತಿರುತ್ತಾರೆ, ಕೈಗೆ ಕರೆಂಟು ಹೊಡೆದಿರುತ್ತದೆ. ಫೋನಿನಲ್ಲಿ ಮೊದಲ ಮಾತು ಪ್ರತಿ ವರ್ಷವೂ ಅದೇ: “ಸ್ವಿಚ್ ಆಫ್ ಮಾಡಿಯೇ ಮುಟ್ಟಿದ್ದೆ ಮಾರಾಯ್ರೆ, ಮತ್ತೆ ಎಂತಕ್ಕೆ ಹೊಡೀತು?” ಮೂವತ್ತು ವರ್ಷಗಳಿಂದ ವೈರಿಂಗ್ ಕೆಲಸದಲ್ಲಿರುವ ನನಗೆ ಈ ಪ್ರಶ್ನೆಯನ್ನು ಕೇಳಿದಾಗ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಪ್ರಶ್ನೆ ಕೇಳಲಾದರೂ ಮನುಷ್ಯ ಉಳಿದಿದ್ದಾನಲ್ಲ ಎಂದು ಸಮಾಧಾನವಾಗುತ್ತದೆ.

ಸ್ವಿಚ್ಚಿನ ಒಳಗಿರುವುದು ಎರಡು ಲೋಹದ ತುದಿಗಳು ಮತ್ತು ಅವನ್ನು ಟಕ್ಕನೆ ಕೂಡಿಸುವ, ಟಕ್ಕನೆ ಬಿಡಿಸುವ ಒಂದು ಸ್ಪ್ರಿಂಗು, ಅಷ್ಟೆ. ಕರೆಂಟು ಫೇಸ್ ತಂತಿಯಲ್ಲಿ ಬಂದು, ಬಲ್ಬನ್ನು ದಾಟಿ, ನ್ಯೂಟ್ರಲ್ ತಂತಿಯಲ್ಲಿ ಮರಳಬೇಕು. ಈ ಸುತ್ತಿನಲ್ಲಿ ಎಲ್ಲಿ ಕಡಿದರೂ ಹರಿವು ನಿಲ್ಲುತ್ತದೆ, ಎಲ್ಲಿ ಕಡಿದರೂ ಬಲ್ಬು ಆರುತ್ತದೆ. ಸ್ವಿಚ್ಚನ್ನು ಬಲ್ಬಿಗೆ ಮುಂಚೆ ಕೂಡಿಸಿದ್ದಾರೆಯೋ ಬಲ್ಬಿನ ಆಚೆ ಕೂಡಿಸಿದ್ದಾರೆಯೋ ಎಂಬುದು ನೋಡುವವನ ಕಣ್ಣಿಗೆ ಕಾಣುವುದೇ ಇಲ್ಲ. ಜನ ಎಡವುವುದು ಇಲ್ಲಿಯೇ, ಆದ್ದರಿಂದ ಇದನ್ನು ತುಸು ಎಳೆದೇ ಹೇಳುತ್ತೇನೆ.

ಗದ್ದೆಗೆ ನೀರು ಬಿಡುವ ಕಾಲುವೆಯನ್ನು ನೆನಪಿಸಿಕೊಳ್ಳಿ. ಮೇಲ್ತುದಿಯಲ್ಲಿ ಹಲಗೆ ಇಳಿಸಿದರೆ ಕಾಲುವೆ ಒಣಗುತ್ತದೆ. ಕೆಳತುದಿಯಲ್ಲಿ ಇಳಿಸಿದರೂ ಹರಿವು ನಿಲ್ಲುತ್ತದೆ, ಆದರೆ ಕಾಲುವೆ ಉದ್ದಕ್ಕೂ ತುಂಬಿಕೊಂಡೇ ನಿಂತಿರುತ್ತದೆ. ಬದುವಿಗೆ ಒಂದು ಏಡಿ ತೂತು ಕೊರೆದರೆ ಸಾಕು, ನೀರು ಅಲ್ಲಿಂದ ನುಗ್ಗುತ್ತದೆ. ಫೇಸ್ ತಂತಿಯಲ್ಲಿ ಸ್ವಿಚ್ಚು ಇದ್ದರೆ 230 ವೋಲ್ಟ್ ಒತ್ತಡ ಸ್ವಿಚ್ ಬೋರ್ಡಿನಲ್ಲೇ ನಿಲ್ಲುತ್ತದೆ. ನ್ಯೂಟ್ರಲ್ ತಂತಿಯಲ್ಲಿ ಇದ್ದರೆ ಅದು ಮಾಡಿನವರೆಗೂ ಹೋಗಿ, ಹೋಲ್ಡರನ್ನು ತುಂಬಿ, ಬಲ್ಬನ್ನೂ ದಾಟಿ ಸ್ವಿಚ್ಚಿನ ಬಾಯಿಗೆ ಬಂದು ಕಾದು ಕುಳಿತಿರುತ್ತದೆ. ಟ್ರಾನ್ಸ್‌ಫಾರ್ಮರಿನ ಬಳಿ ನ್ಯೂಟ್ರಲ್ಲನ್ನು ಭೂಮಿಗೆ ಕೂಡಿಸಿರುವುದರಿಂದ, ಆ ತಂತಿಯ ಮೂಲಕ ಮರಳಲಾಗದ ಕರೆಂಟಿಗೆ ನೆಲದ ದಾರಿ ಯಾವಾಗಲೂ ತೆರೆದೇ ಇದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಹೋಲ್ಡರಿಗೆ ಕೈ ಹಾಕಿದವನು ಆ ಏಡಿಯ ತೂತು ಆಗುತ್ತಾನೆ.

“ಒಂಬತ್ತು ವ್ಯಾಟಿನ ಬಲ್ಬು, ಅದರಲ್ಲಿ ಎಷ್ಟು ಕರೆಂಟು ಇರುತ್ತದೆ?” ಎನ್ನುವವರಿಗೆ ನಾನು ಲೆಕ್ಕ ಬರೆದು ತೋರಿಸುತ್ತೇನೆ. 9 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 40 ಮಿಲಿ ಆಂಪಿಯರ್ ಬರುತ್ತದೆ. ಮನೆಗಳಿಗೆ ಹಾಕುವ ಆರ್‌ಸಿಸಿಬಿ ಎಂಬ ಸುರಕ್ಷಾ ಸ್ವಿಚ್ಚು 30 ಮಿಲಿ ಆಂಪಿಯರ್ ಸೋರಿಕೆಗೇ ಕಡಿದು ಬೀಳಬೇಕೆಂದು ನಿಗದಿ ಮಾಡಿರುವುದು, ಅದಕ್ಕಿಂತ ಹೆಚ್ಚಿನದು ಎದೆಯ ಮೂಲಕ ಹಾದು ಹೋದರೆ ಪ್ರಾಣಕ್ಕೆ ಸಂಚಕಾರ ಎಂಬ ಕಾರಣಕ್ಕೆ. ಬಲ್ಬು ತೆಗೆದ ಖಾಲಿ ಹೋಲ್ಡರಿನಲ್ಲಂತೂ ಅದನ್ನು ಮಿತಿಯಲ್ಲಿಡಲು ಬಲ್ಬೂ ಇರುವುದಿಲ್ಲ. ಎಷ್ಟು ಹರಿಯಬೇಕೆಂಬುದನ್ನು ನಿಮ್ಮ ಮೈಯ ತೇವವೇ ತೀರ್ಮಾನಿಸುತ್ತದೆ, ನಮ್ಮ ಕರಾವಳಿಯ ಮಳೆಗಾಲದಲ್ಲಿ ಯಾರ ಮೈ ಒಣಗಿರುತ್ತದೆ?

ಕಡವಾಡದ ಕಡೆಯ ಒಂದು ಮನೆಯಲ್ಲಿ ನಡೆದದ್ದನ್ನು ಹೇಳಬೇಕು. ಗಣಪತಿಯ ಮೇಲೆ ಮಾಟೋಳಿ, ಅಂದರೆ ಹಣ್ಣು ಕಾಯಿಗಳನ್ನು ತೂಗುಹಾಕುವ ಚೌಕಟ್ಟು, ಕಟ್ಟಲು ಆ ಮನೆಯ ಹುಡುಗ ಸ್ಟೂಲಿನ ಮೇಲೆ ನಿಂತಿದ್ದ; ಒಂದು ಕೈಯಲ್ಲಿ ತೊಳೆದು ತಂದ ಅಡಿಕೆ ಗೊನೆ, ಇನ್ನೊಂದು ಕೈ ಆಧಾರಕ್ಕೆಂದು ಹಳೆಯ ಹಿತ್ತಾಳೆ ಹೋಲ್ಡರಿನ ಮೇಲೆ. ಸ್ವಿಚ್ಚು ಆಫ್ ಇತ್ತು. ಹುಡುಗ ಅಡಿಕೆ ಗೊನೆಯ ಸಮೇತ ಕೆಳಗೆ ಬಿದ್ದ, ಮಣಿಕಟ್ಟು ಮುರಿಯಿತು, ಜೀವ ಉಳಿಯಿತು. ನಾನು ಹೋಗಿ ನೋಡಿದರೆ ಮನೆಯೊಳಗಿನ ವೈರಿಂಗಿನಲ್ಲಿ ಒಂದು ತಪ್ಪೂ ಇರಲಿಲ್ಲ, ಮರದ ಪಟ್ಟಿಯ ಮೇಲೆ ಓಡಿಸಿದ ಹಳೆಯ ಕಾಲದ ನೀಟಾದ ಕೆಲಸ ಅದು. ಜೂನ್ ತಿಂಗಳ ಗಾಳಿಮಳೆಗೆ ತೆಂಗಿನ ಮರ ಬಿದ್ದು ಕಂಬದಿಂದ ಬರುವ ತಂತಿ ಹರಿದಿತ್ತು, ಅದನ್ನು ಮತ್ತೆ ಜೋಡಿಸಿದವರು ಎರಡು ತಂತಿಗಳನ್ನು ಅದಲು ಬದಲು ಮಾಡಿದ್ದರು. ಅಂದಿನಿಂದ ಆ ಮನೆಯ ಪ್ರತಿಯೊಂದು ಸ್ವಿಚ್ಚೂ, ಫ್ಯೂಸೂ ಸೇರಿ, ನ್ಯೂಟ್ರಲ್ಲಿನಲ್ಲಿ ಕುಳಿತಿತ್ತು. ಫ್ಯೂಸು ಕಿತ್ತು ಕಿಸೆಯಲ್ಲಿ ಇಟ್ಟುಕೊಂಡರೂ ಗೋಡೆಗಳಲ್ಲಿ ಫೇಸ್ ಹರಡಿಕೊಂಡೇ ಇರುವ ಸ್ಥಿತಿ. ಮೂರು ತಿಂಗಳು ಫ್ಯಾನು ತಿರುಗಿದೆ, ಟೀವಿ ನಡೆದಿದೆ, ಯಾರಿಗೂ ಅನುಮಾನ ಬಂದಿಲ್ಲ.

ಭೂಮಿಗೆ ಕೂಡಿಸಿದ ನ್ಯೂಟ್ರಲ್ಲಿನಲ್ಲಿ ಒಂಟಿ ಸ್ವಿಚ್ಚು ಅಥವಾ ಫ್ಯೂಸು ಇರಬಾರದು, ಫೇಸ್ ಜೊತೆಗೇ ಕಡಿಯುವ ಜೋಡಿ ಸ್ವಿಚ್ಚಾದರೆ ಮಾತ್ರ ಸರಿ ಎಂದು 1956ರ ಭಾರತೀಯ ವಿದ್ಯುತ್ ನಿಯಮಗಳೇ ಹೇಳಿದ್ದವು. ಆದ್ದರಿಂದ ಹೋಲ್ಡರು ಬಿಚ್ಚುವ ಮುಂಚೆ ಗೋಡೆಯ ಸ್ವಿಚ್ಚನ್ನು ನಂಬದೆ, ಮೀಟರಿನ ಬಳಿ ಎರಡೂ ತಂತಿಗಳನ್ನು ಒಟ್ಟಿಗೆ ಕಡಿಯುವ ಡಬಲ್ ಪೋಲ್ ಮೇನ್ ಇಳಿಸಿ. ಅಂಥ ಮೇನ್ ಇಲ್ಲದ ಮನೆ ಇಂದಿಗೂ ಬೇಕಷ್ಟಿವೆ, ಅಲ್ಲಿ ನೀವು ಸ್ಟೂಲು ಹತ್ತದಿರುವುದೇ ಕ್ಷೇಮ. ರಾತ್ರಿ ಸ್ವಿಚ್ ಆಫ್ ಮಾಡಿದ ಮೇಲೂ ಎಲ್‌ಇಡಿ ಬಲ್ಬು ಮಂದವಾಗಿ ಮಿಣುಕುತ್ತಿದ್ದರೆ ಸ್ವಿಚ್ಚು ನ್ಯೂಟ್ರಲ್ಲಿನಲ್ಲಿ ಇರಬಹುದು, ಪರೀಕ್ಷೆ ಮಾಡಿಸಿ. ಉದ್ದಕ್ಕೆ ಜೊತೆಯಾಗಿ ಓಡುವ ತಂತಿಗಳಿಂದಲೂ, ಸ್ವಿಚ್ಚಿನೊಳಗಿನ ಇಂಡಿಕೇಟರಿನಿಂದಲೂ ಹಾಗೆ ಆಗುವುದುಂಟು, ಹಾಗಾಗಿ ನೋಡದೆ ಇದೇ ಕಾರಣ ಎಂದು ನಾನು ಹೇಳಲಾರೆ.

ಕಡವಾಡದ ಆ ಮನೆಯಲ್ಲಿ ಮೇನ್ ಬೋರ್ಡಿನ ತಂತಿಗಳನ್ನು ಸರಿಪಡಿಸಿ, ಡಬಲ್ ಪೋಲ್ ಮೇನ್ ಮತ್ತು ಆರ್‌ಸಿಸಿಬಿ ಕೂಡಿಸಿ ಬಿಲ್ಲು ಕೊಟ್ಟಾಗ ಯಜಮಾನರು ಎಲ್ಲ ಸ್ವಿಚ್ಚುಗಳನ್ನೂ ಒಂದೊಂದಾಗಿ ಒತ್ತಿ ನೋಡಿ, “ಎಲ್ಲಾ ಮೊದಲಿನ ಹಾಗೇ ಉರೀತದೆ, ನೀವು ಮಾಡಿದ್ದು ಎಂತ?” ಎಂದರು. ನಾನು ದೀಪ ಆರಿಸಿ, ಸ್ಟೂಲು ಹತ್ತಿ, ಟೆಸ್ಟರನ್ನು ಹೋಲ್ಡರಿಗೆ ತಾಗಿಸಿ ತೋರಿಸಿದೆ. ಬೆಳಿಗ್ಗೆ ಅಲ್ಲೇ ಕೆಂಪಗೆ ಹೊತ್ತಿಕೊಂಡಿದ್ದ ಟೆಸ್ಟರು ಈಗ ಸುಮ್ಮನಿತ್ತು. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಹುಡುಗ ಇನ್ನೊಮ್ಮೆ ತೋರಿಸಿ ಎಂದ.