ನಿನ್ನೆ ಸಂಜೆ ಮಳೆಯಾಗಿದೆ, ಇಂದು ಗಿಡಕ್ಕೆ ನೀರು ಬೇಕೇ?

ಪ್ರಶ್ನೆ: ನಮ್ಮದು ಹುಬ್ಬಳ್ಳಿ. ಮಾಳಿಗೆಯ ಮೇಲೆ ಇಪ್ಪತ್ತು ಕುಂಡಗಳಿವೆ. ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಕೆಂಡದಂಥ ಬಿಸಿಲು, ಸಂಜೆ ಗಾಳಿ, ಗುಡುಗು, ಮಳೆ. ಮರುದಿನ ನೀರು ಹಾಕಿದರೆ ಬೇರು ಕೊಳೆಯುವ ಭಯ, ಬಿಟ್ಟರೆ ಗಿಡ ಬಾಡುತ್ತದೆ. ಧಾರವಾಡದಲ್ಲಿರುವ ಅಕ್ಕನ ಹಿತ್ತಲಿಗೆ ಈ ತಾಪತ್ರಯವೇ ಇಲ್ಲ. ನೀರಿನ ಲೆಕ್ಕ ಹೇಗಿಡಬೇಕು?

ಉತ್ತರ: ಕುಂಡದ ಗಿಡಕ್ಕಾದರೆ ಬಹುತೇಕ ಸಲ ಬೇಕು. ಮುಂಗಾರಿಗೆ ಮೊದಲು ಬೀಳುವ ಈ ಅಡ್ಡಮಳೆ ಮಾಡುವ ಸದ್ದಿಗೂ ಅದು ಕೊಡುವ ನೀರಿಗೂ ತಾಳೆಯಿಲ್ಲ. ನಾನಿದನ್ನು ಕಲಿತದ್ದು ಎರಡು ಟೊಮೆಟೊ ಗಿಡ ಕಳೆದುಕೊಂಡ ಮೇಲೆ. ಅಂದು ರಾತ್ರಿ ಕರೆಂಟು ಹೋಗುವಷ್ಟು ಗುಡುಗಿತ್ತು, ಅಂಗಳದಲ್ಲಿ ನೀರು ಹರಿದಿತ್ತು. ಇನ್ನೇನು ಬೇಕು ಎಂದು ಎರಡು ದಿನ ಮಾಳಿಗೆ ಹತ್ತಲೇ ಇಲ್ಲ. ಮೂರನೆಯ ದಿನ ಕುಂಡದೊಳಗೆ ಬೆರಳಿಳಿಸಿದರೆ ಮಣ್ಣು ಬೂದಿಯಂತೆ ಒಣಗಿತ್ತು.

10 ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ 10 ಲೀಟರ್ ನೀರು. ಹನ್ನೆರಡು ಇಂಚಿನ ಕುಂಡದ ಬಾಯಿ ಚದರ ಮೀಟರಿನ ಹದಿನಾಲ್ಕರಲ್ಲಿ ಒಂದು ಪಾಲಷ್ಟೇ. ಹಾಗಾಗಿ ಒಳ್ಳೆಯ ಮಳೆ ಎನಿಸಿಕೊಂಡ ಆ ಮಳೆಯಿಂದ ಕುಂಡಕ್ಕೆ ದಕ್ಕುವುದು ಮುಕ್ಕಾಲು ಲೀಟರಿಗಿಂತ ಕಡಿಮೆ. ಗಿಡ ದಟ್ಟವಾಗಿದ್ದರೆ ಎಲೆಗಳೇ ಕೊಡೆ ಹಿಡಿದಂತಾಗಿ ಅದರಲ್ಲೂ ಒಂದಿಷ್ಟು ಹೊರಗೆ ಬೀಳುತ್ತದೆ. ಕಾಯಿ ಹೊತ್ತ ಟೊಮೆಟೊ ಗಿಡ ಬಿರುಬಿಸಿಲಿನ ಒಂದೇ ದಿನದಲ್ಲಿ ಅಷ್ಟನ್ನು ಕುಡಿದು ಮುಗಿಸಬಲ್ಲದು. ಬೇಸಿಗೆಯ ಭರಣಿ ನಕ್ಷತ್ರದ ಮಳೆಯ ಬಗ್ಗೆ ‘ಭರಣಿ ಸುರಿದರೆ ಧರಣಿಯೆಲ್ಲ ಬೆಳೆ’ ಎಂದು ಹಿರಿಯರು ಹೇಳಿದ್ದು ನಿಜ, ಆದರೆ ಅವರು ಹೇಳಿದ್ದು ಧರಣಿಗೆ, ಕುಂಡಕ್ಕಲ್ಲ.

ಆದ್ದರಿಂದ ನೆಟ್ಟಗಿನ ಅಂಚಿನ ಒಂದು ಸ್ಟೀಲ್ ಡಬ್ಬಿಯನ್ನು ಮಾಳಿಗೆಯ ಬಯಲಿನಲ್ಲಿಡಿ. ಬೆಳಿಗ್ಗೆ ಅದರಲ್ಲಿ ನಿಂತ ನೀರಿಗೆ ಮಕ್ಕಳ ಸ್ಕೇಲ್ ಇಳಿಸಿದರೆ ಮಳೆಯ ಅಳತೆ ಸಿಕ್ಕಿತು. ಇಡೀ ಜಿಲ್ಲೆಗೆ ಕೊಡುವ ಮುನ್ಸೂಚನೆ ಇದಕ್ಕೆ ಸಾಲದು. ಬೇಸಿಗೆಯ ಗುಡುಗು ಮೋಡ ವಿದ್ಯಾನಗರದಲ್ಲಿ ಸುರಿದು, ಹಳೇ ಹುಬ್ಬಳ್ಳಿಯಲ್ಲಿ ಬರೀ ಧೂಳೆಬ್ಬಿಸಿ ಹೋದೀತು. ಡಬ್ಬಿಯ ಮೇಲೂ ನಂಬಿಕೆ ಬಾರದಿದ್ದರೆ ಬೆರಳು ಇದೆಯಲ್ಲ: ಎರಡು ಇಂಚು ಆಳದಲ್ಲಿ ತಂಪು ತಾಗಿದರೆ ಆ ದಿನ ನೀರು ಬೇಡ.

ಇನ್ನು ಬಾಡುವ ವಿಷಯ. ಮಧ್ಯಾಹ್ನ ಮೂರು ಗಂಟೆಗೆ ಎಲೆ ಜೋತು ಬಿದ್ದರೆ ಕೊಡ ಹಿಡಿದು ಓಡಬೇಡಿ. ಆ ಹೊತ್ತಿನಲ್ಲಿ ಬೇರು ಎಳೆದುಕೊಳ್ಳುವುದಕ್ಕಿಂತ ಎಲೆಯಿಂದ ಆವಿಯಾಗುವುದೇ ಹೆಚ್ಚು. ಬಿಸಿಲಿಳಿದ ಮೇಲೆ ಎಷ್ಟೋ ಗಿಡಗಳು ತಾವೇ ತಲೆಯೆತ್ತುತ್ತವೆ. ಗಿಡವನ್ನು ಬೆಳಿಗ್ಗೆ ನೋಡಬೇಕು. ಆಗಲೂ ಬಾಡಿದ್ದು, ಮಣ್ಣೂ ಒಣಗಿದ್ದರೆ ಅದು ಬಾಯಾರಿಕೆ. ಮಣ್ಣು ಹಸಿಯಾಗಿದ್ದೂ ಬಾಡಿದ್ದರೆ ಬೇರಿಗೆ ಗಾಳಿಯಿಲ್ಲದೆ ಉಸಿರು ಕಟ್ಟಿರಬಹುದು. ಕುಂಡದ ತಳದ ತೂತು ಮುಚ್ಚಿಕೊಂಡಿದೆಯೇ ನೋಡಿ, ಮತ್ತೆ ನೀರು ಸುರಿಯಬೇಡಿ.

ಅಕ್ಕನ ಹಿತ್ತಲನ್ನು ನಿಮ್ಮ ಮಾಳಿಗೆಯ ಜೊತೆ ಹೋಲಿಸುವುದು ನ್ಯಾಯವಲ್ಲ. ಧಾರವಾಡ ಇರುವುದು ಇಪ್ಪತ್ತೇ ಕಿಲೋಮೀಟರ್ ದೂರದಲ್ಲಾದರೂ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ, ಮಲೆನಾಡಿನ ಅಂಚಿಗೆ ತಾಗಿಕೊಂಡಿದೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಗಿಡ ನೆಲದಲ್ಲಿದೆ. ಬೇರಿಗೆ ತಂಪು ಹುಡುಕಿಕೊಂಡು ಕೆಳಗಿಳಿಯಲು ಜಾಗವಿದೆ. ನಿಮ್ಮ ಕುಂಡಗಳು ಕಾದ ಸ್ಲ್ಯಾಬಿನ ಮೇಲೆ ಹಂಚಿನ ಮೇಲಿನ ರೊಟ್ಟಿಯಂತೆ ಕುಳಿತಿವೆ. ಕೆಳಗೆ ನಾಲ್ಕು ಇಟ್ಟಿಗೆಯಿಟ್ಟು ಎತ್ತರಿಸಿದರೂ ಅವಕ್ಕೆ ಎಷ್ಟೋ ಹಿತ.

ನೆಲದಲ್ಲಿ ಬೆಳೆಸುವವರು ಮಾತ್ರ ಊರಿಗಿಂತ ಮೊದಲು ಮಣ್ಣು ನೋಡಬೇಕು. ಗದಗ, ನವಲಗುಂದದ ಕಡೆಯ ಎರೆ, ಅಂದರೆ ಕಪ್ಪು ಜೇಡಿಮಣ್ಣು, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೊದಲ ಮಳೆಯ ನೀರು ಆ ಬಿರುಕುಗಳಲ್ಲಿ ಮಾಯವಾಗುತ್ತದೆ. ಮುಂದಿನ ಮಳೆಗಳಿಗೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡು ನೀರು ಮೇಲೆಯೇ ನಿಲ್ಲುತ್ತದೆ. ಅಂಥ ಹಿತ್ತಲಲ್ಲಿ ಜೋರು ಮಳೆಯಾದ ಮೇಲೆ ನಾಲ್ಕೈದು ದಿನ ನೀರಿನ ಮಾತು ಬೇಡ. ಹಸಿ ಎರೆಯನ್ನು ತುಳಿಯುವುದು, ಅಗೆಯುವುದು ಅದಕ್ಕಿಂತ ಕೆಟ್ಟದ್ದು, ಒಣಗಿದಾಗ ಅದು ಕಲ್ಲಾಗುತ್ತದೆ. ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ನೀರು ಬೇಗ ಬಸಿದುಹೋಗುವುದರಿಂದ ಎರಡನೆಯ ದಿನಕ್ಕೇ ಬೆರಳಿಳಿಸಿ ನೋಡಬೇಕು. ಹಾವೇರಿಯ ಕಡೆ ಎರಡೂ ಬಗೆಯ ಮಣ್ಣಿದೆ. ನಿಮ್ಮದು ಯಾವುದೆಂಬ ಅನುಮಾನವಿದ್ದರೆ ಹಸಿ ಮಣ್ಣನ್ನು ಅಂಗೈಯಲ್ಲಿ ಬತ್ತಿಯಂತೆ ಹೊಸೆಯಿರಿ. ಎರೆ ಬತ್ತಿಯಾಗುತ್ತದೆ, ಮಸಾರಿ ಮುರಿದು ಬೀಳುತ್ತದೆ.

ಎರಡಕ್ಕೂ ಒಗ್ಗುವ ಮದ್ದು ಶೇಂಗಾ ಸಿಪ್ಪೆ. ಗಿಡದ ಬುಡದಲ್ಲಿ, ಕಾಂಡಕ್ಕೆ ತಾಗದಂತೆ, ಎರಡು ಇಂಚು ಹರಡಿದರೆ ಬಿಸಿಲಿಗೆ ತೇವ ಬೇಗ ಆರುವುದಿಲ್ಲ, ಮಳೆಯ ಹೊಡೆತಕ್ಕೆ ಮಣ್ಣು ಗಟ್ಟಿಯಾಗುವುದಿಲ್ಲ. ಟೊಮೆಟೊ ಹಣ್ಣು ಸೀಳುವುದು, ಕಾಯಿಯ ತಳ ಕಪ್ಪಾಗುವುದು ಹೆಚ್ಚಾಗಿ ಒಂದು ದಿನ ಬರ, ಒಂದು ದಿನ ನೆರೆ ಎಂಬಂತೆ ನೀರುಣಿಸುವುದರಿಂದ. ತಳ ಕಪ್ಪಾದದ್ದನ್ನು ರೋಗವೆಂದು ತಿಳಿದು ಔಷಧಿ ಸಿಂಪಡಿಸುವವರನ್ನು ಕಂಡಿದ್ದೇನೆ. ನೀರು ಹದವಾಗಿ ಸಿಗದಿದ್ದರೆ ಸುಣ್ಣದ ಅಂಶ ಕಾಯಿಯ ತುದಿಯವರೆಗೆ ತಲುಪುವುದಿಲ್ಲ, ಅಷ್ಟೇ. ಹಸಿರು ನೆರಳು ಬಲೆ ಕಟ್ಟುವವರು ಗಾಳಿಯನ್ನು ಮರೆಯಬೇಡಿ. ಸಂಜೆಯ ಬಿರುಗಾಳಿಗೆ ಸಡಿಲ ಬಲೆ ಹಾಯಿಯಂತೆ ಉಬ್ಬಿ ಕಂಬವನ್ನೇ ಕೀಳುತ್ತದೆ.

ಆಲಿಕಲ್ಲು ಬಿದ್ದರೆ? ಬೀಳುವಾಗ ಏನೂ ಮಾಡಬೇಡಿ, ಗುಡುಗು ನಿಂತು ಅರ್ಧ ಗಂಟೆ ಕಳೆಯುವವರೆಗೆ ಮಾಳಿಗೆಗೆ ಹೋಗುವುದೇ ಬೇಡ. ಆಮೇಲೆ ಮುರಿದು ನೇತಾಡುವ ರೆಂಬೆಗಳನ್ನಷ್ಟೇ ಕತ್ತರಿಸಿ. ತೂತು ಬಿದ್ದ ಎಲೆಗಳು ನೋಡಲು ಚೆನ್ನಾಗಿರುವುದಿಲ್ಲ, ಆದರೆ ಹೊಸ ಚಿಗುರು ಬರುವವರೆಗೆ ಗಿಡಕ್ಕೆ ಊಟ ಸಿಗುವುದು ಅವುಗಳಿಂದಲೇ. ಹತ್ತು ದಿನ ಗೊಬ್ಬರವನ್ನೂ ಹಾಕದೆ ಕಾಯಿರಿ. ಬುಡ ಗಟ್ಟಿಯಿದ್ದರೆ ಮೆಣಸಿನ ಗಿಡ, ದಾಸವಾಳ ಎರಡೂ ಗೆಣ್ಣುಗಳಲ್ಲಿ ಮತ್ತೆ ಚಿಗುರುತ್ತವೆ.