ಮಹಾಡ್ ಕೆರೆ ಹೋರಾಟದಲ್ಲಿ ಅಂಬೇಡ್ಕರ್ ಜೊತೆ ನಿಂತವರು ಯಾರು?

ದಲಿತರ ಹೋರಾಟದಲ್ಲಿ ದಲಿತರಲ್ಲದೋರಿಗೆ ಏನು ಕೆಲಸ ಅಂತ ಆಗಾಗ ಜಗಳ ಎದ್ದೇಳುತ್ತಲ್ಲ, ಅದಕ್ಕೆ ನೂರು ವರ್ಷದ ಹಿಸ್ಟರಿ ಇದೆ.

1923ರಲ್ಲಿ ಎಸ್.ಕೆ. ಬೋಳೆ ಅನ್ನೋರು ಬಾಂಬೆ ಕೌನ್ಸಿಲ್‌ನಲ್ಲಿ ಸಾರ್ವಜನಿಕ ಕೆರೆ ಬಾವಿಗಳನ್ನ ಅಸ್ಪೃಶ್ಯರೂ ಬಳಸ್ಬಹುದು ಅಂತ ನಿರ್ಣಯ ಪಾಸ್ ಮಾಡಿಸಿದ್ರು, ಮರುವರ್ಷ ಈಗಿನ ಮಹಾರಾಷ್ಟ್ರದ ಮಹಾಡ್ ಅನ್ನೋ ಊರಿನ ಮುನ್ಸಿಪಾಲಿಟಿನೂ ಅಲ್ಲಿನ ಚವದಾರ್ ಕೆರೆ ಎಲ್ರಿಗೂ ಓಪನ್ ಅಂತು. ಎಲ್ಲಾ ಪೇಪರ್ ಮೇಲೆ. ಕೊನೆಗೆ 1927ರ ಮಾರ್ಚ್ 20ಕ್ಕೆ ಅಂಬೇಡ್ಕರ್ ಸಾವಿರಾರು ಜನರ ಜೊತೆ ಹೋಗಿ ಆ ನೀರು ಕುಡಿದ್ರು, ಇನ್ನು ದೇವಸ್ಥಾನಕ್ಕೂ ನುಗ್ತಾರಂತೆ ಅಂತ ಗಾಳಿಸುದ್ದಿ ಹಬ್ಬಿ ಸವರ್ಣೀಯರು ಬಂದವರನ್ನೆಲ್ಲ ಅಟ್ಟಾಡಿಸಿ ಹೊಡೆದ್ರು. ಆಮೇಲೆ 108 ಬಿಂದಿಗೆ ನೀರೆತ್ತಿ, ಸಗಣಿ ಗಂಜಲ ಹಾಲು ಮೊಸರು ಬೆರೆಸಿ, ಮಂತ್ರ ಹೇಳಿ ಕೆರೆಗೇ ವಾಪಸ್ ಸುರಿದ್ರು. ಸಗಣಿ ಬಿದ್ರೆ ಶುದ್ಧ, ಮನುಷ್ಯ ಮುಟ್ಟಿದ್ರೆ ಮೈಲಿಗೆ!

ಡಿಸೆಂಬರ್‌ನಲ್ಲಿ ಎರಡನೇ ಸಮಾವೇಶಕ್ಕೆ ಊರಲ್ಲಿ ಯಾರೂ ಜಾಗ ಕೊಡ್ಲಿಲ್ಲ, ಕೊಟ್ಟಿದ್ದು ಫತ್ತೇಖಾನ್ ಅನ್ನೋ ಮುಸ್ಲಿಂ. ಮುನ್ಸಿಪಾಲಿಟಿ ಅಧ್ಯಕ್ಷರಾಗಿದ್ದ ಸುರೇಂದ್ರನಾಥ್ ಟಿಪ್ನಿಸ್, ಅನಂತರಾವ್ ಚಿತ್ರೆ ಇವರೆಲ್ಲ ಮೇಲ್ಜಾತಿಯವ್ರೇ, ಅಂಬೇಡ್ಕರ್ ಹೇಳಿದ ಕೆಲಸಕ್ಕೆ ಹೆಗಲು ಕೊಟ್ರು. ಆ ಟೈಮಲ್ಲೇ ಬ್ರಾಹ್ಮಣೇತರ ಚಳವಳಿಯ ಜೇಧೆ, ಜವಳ್ಕರ್ ನಾವೂ ಬರ್ತೀವಿ ಆದ್ರೆ ಬ್ರಾಹ್ಮಣರು ಒಬ್ಬರೂ ಇರ್ಬಾರ್ದು ಅಂತ ಕಂಡೀಷನ್ ಹಾಕಿದ್ರು, ಅಂಬೇಡ್ಕರ್ ಒಪ್ಪಲೇ ಇಲ್ಲ, ನಮ್ಮ ಜಗಳ ಬ್ರಾಹ್ಮಣ್ಯದ ಜೊತೆ, ಬ್ರಾಹ್ಮಣರ ಜೊತೆ ಅಲ್ಲ ಅಂದ್ರು. ಡಿಸೆಂಬರ್ 25ರ ರಾತ್ರಿ ಮನುಸ್ಮೃತಿ ಸುಟ್ರಲ್ಲ, ಅದನ್ನ ಸುಡೋ ನಿರ್ಣಯ ಮಂಡಿಸಿದ್ದು ಗಂಗಾಧರ ಸಹಸ್ರಬುದ್ಧೆ, ಚಿತ್ಪಾವನ ಬ್ರಾಹ್ಮಣ. ಅವರು ಮುಂದೆ ಅಂಬೇಡ್ಕರ್ ಅವರ 'ಜನತಾ' ಪತ್ರಿಕೆ ಸಂಪಾದಕರೂ ಆದ್ರು.

ಇಲ್ಲಿ ನನಗೆ ಮುಖ್ಯ ಅನ್ಸೋದು ಲಗಾಮು ಯಾರ ಕೈಲಿತ್ತು ಅನ್ನೋದು. 1932ರಲ್ಲಿ ಗಾಂಧಿ-ಅಂಬೇಡ್ಕರ್ ನಡುವಿನ ಪೂನಾ ಒಪ್ಪಂದದ ಬೆನ್ನಲ್ಲೇ ಗಾಂಧಿ ಶುರು ಮಾಡಿದ ಹರಿಜನ ಸೇವಕ ಸಂಘ ನೋಡಿ, ಅಧ್ಯಕ್ಷರು ಜಿ.ಡಿ. ಬಿರ್ಲಾ, ಕಾರ್ಯದರ್ಶಿ ಠಕ್ಕರ್ ಬಾಪಾ, ಅಸ್ಪೃಶ್ಯರನ್ನೇ ಆಡಳಿತಕ್ಕೆ ತಗೊಳ್ಳಿ ಅಂದ್ರೆ ಇದು ಸವರ್ಣೀಯರು ಮಾಡ್ಕೊಳ್ಳೋ ಪ್ರಾಯಶ್ಚಿತ್ತ ಹಾಗಾಗಿ ನಾವೇ ನಡೆಸ್ಬೇಕು ಅನ್ನೋದು ಗಾಂಧಿ ವಾದ. ಶಾಲೆ, ಹಾಸ್ಟೆಲ್, ಬಾವಿ ಅಂತ ಕೆಲಸ ಆಯ್ತು, ಅದನ್ನ ಅಲ್ಲಗಳೆಯೋಕಾಗಲ್ಲ. ಆದ್ರೆ ಏನು ಬೇಕು ಅಂತ ತೀರ್ಮಾನ ಮಾಡೋರು ಬೇರೆಯವ್ರೇ ಆದ್ರೆ ಅದು ದಾನ ಆಗುತ್ತೆ ಹೊರತು ಜೊತೆಗಾರಿಕೆ ಹೇಗಾಗುತ್ತೆ? ಅಂಬೇಡ್ಕರ್ ಬೇಗನೇ ಸಂಘದಿಂದ ಹೊರಗೆ ಬಂದ್ರು. ಇತ್ತ ಮಹಾಡ್‌ನ ಸವರ್ಣೀಯರು ಹಾಕಿದ್ದ ಕೆರೆ ಕೇಸ್ ಕೋರ್ಟಲ್ಲಿ ಎಳೀತಾನೇ ಇತ್ತು, ಬಾಂಬೆ ಹೈಕೋರ್ಟ್ ಅಂಬೇಡ್ಕರ್ ಪರ ತೀರ್ಪು ಕೊಟ್ಟಿದ್ದು 1937ರಲ್ಲಿ.