ರಿವ್ಯೂ ಬಟನ್ ಒತ್ತಿದರೆ ದೂರು ಕೊಟ್ಟಂತಲ್ಲ

ಟೊಮೆಟೊ ಸೀಸನ್ ಜೋರಾಗಿದ್ದ ಒಂದು ದಿನ ಕೋಲಾರ ಎಪಿಎಂಸಿಯ ಮಂಡಿ ಮಾಲೀಕರೊಬ್ಬರು ಹರಾಜು ಮುಗಿಸಿ ನೇರ ನಮ್ಮ ವಕೀಲಿ ಆಫೀಸಿಗೆ ಬಂದರು. ಕಂಕುಳಲ್ಲಿ ಬಿಲ್ ಪುಸ್ತಕ, ಬೆರಳಿಗೆ ಇನ್ನೂ ಮಾರ್ಕರ್ ಮಸಿ. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ರೈತರಿಗೆ ದಿನಾ ಬೆಳಗ್ಗೆ ಬಾಕ್ಸಿನ ರೇಟು ಕಳಿಸುತ್ತಿದ್ದ ಅವರ ಮೆಸೇಜ್ ಆ್ಯಪ್ ಖಾತೆಯನ್ನು ಒಂದು ದೊಡ್ಡ ಕಂಪನಿ ರಾತ್ರೋರಾತ್ರಿ ಬಂದ್ ಮಾಡಿತ್ತು. ‘ನಮ್ಮ ನಿಯಮ ಮೀರಿದ್ದೀರಿ’ ಅಂತ ಒಂದು ಸಾಲು. ಯಾವ ನಿಯಮ, ಯಾವ ಮೆಸೇಜು? ಅದಕ್ಕೆ ಉತ್ತರವಿಲ್ಲ.

“ಎಷ್ಟು ಸೊಕ್ಕು ನೋಡಿ ಸಾರ್. ಮಾತಾಡೋಕೆ ಒಬ್ಬ ಮನುಷ್ಯ ಇಲ್ಲ.”

ಅವರ ಸಿಟ್ಟು ನ್ಯಾಯವಾದದ್ದೇ. ಆ ಮೆಸೇಜ್ ತೋರಿಸಿ ಅಂದೆ.

“ಕೋಪಕ್ಕೆ ಆ್ಯಪೇ ಡಿಲೀಟ್ ಮಾಡ್ಬಿಟ್ಟೆ.”

ದೂರು ಕೊಟ್ಟಿದ್ದೀರಾ ಎಂದು ಕೇಳಿದೆ. ಖಾತೆ ಮತ್ತೊಮ್ಮೆ ಪರಿಶೀಲಿಸಿ ಎಂದು ಕೇಳುವ ‘ರಿವ್ಯೂ’ ಬಟನ್ ನಾಲ್ಕು ಸಲ ಒತ್ತಿದ್ದರಂತೆ. ಮಗ ಫೇಸ್‌ಬುಕ್ಕಲ್ಲಿ ಚೆನ್ನಾಗಿ ಬೈದು ಬರೆದಿದ್ದನಂತೆ. ಇಂಥವರು ನನ್ನ ಹತ್ತಿರ ತಿಂಗಳಿಗೆ ಒಬ್ಬರಾದರೂ ಬರುತ್ತಾರೆ. ಎಲ್ಲರದ್ದೂ ಇದೇ ತಪ್ಪು.

ತಾಲ್ಲೂಕು ಆಫೀಸಿಗೆ ಹೋಗಿ ಬಾಗಿಲಲ್ಲಿ ನಿಂತವರಿಗೆ ಬಾಯಲ್ಲಿ ಹೇಳಿ ಬಂದರೆ ಅರ್ಜಿ ಕೊಟ್ಟ ಹಾಗಾಯಿತೇ? ಟಪಾಲಿಗೆ ಕೊಟ್ಟು, ಸೀಲು ಹಾಕಿಸಿಕೊಂಡು, ಒಂದು ಪ್ರತಿ ಇಟ್ಕೊಂಡು ಬರ್ತೀರಿ ಅಲ್ವಾ? ಇಲ್ಲೂ ಹಾಗೇ. ಬಟನ್ ಒತ್ತಿ, ಬೇಡ ಅನ್ನುವುದಿಲ್ಲ. ಆದರೆ ಅದು ಕಂಪನಿ ತನಗಾಗಿ ಮಾಡಿಕೊಂಡ ಏರ್ಪಾಡು. 2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳ ಪ್ರಕಾರ ಇಂಥ ಕಂಪನಿಗೆ ಒಬ್ಬ ದೂರು ಅಧಿಕಾರಿ ಇರಲೇಬೇಕು. 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರುವ ಸಾಮಾಜಿಕ ಜಾಲತಾಣವಾದರೆ ಆ ಅಧಿಕಾರಿ ಭಾರತದಲ್ಲೇ ವಾಸವಿರಬೇಕು. ಅವರ ಹೆಸರು, ವಿಳಾಸ ಆ್ಯಪಿನಲ್ಲೋ ವೆಬ್‌ಸೈಟಿನಲ್ಲೋ ಇರಬೇಕು. ದೂರು ಹೋಗಬೇಕಾದದ್ದು ಅವರಿಗೆ, ಬರಹದಲ್ಲಿ. ದೂರು ತಲುಪಿದೆ ಎಂದು 24 ಗಂಟೆಯೊಳಗೆ ಅವರು ತಿಳಿಸಬೇಕು. ಆ ಸ್ವೀಕೃತಿಯೇ ನಿಮ್ಮ ಸೀಲು.

ಅವರ ಉತ್ತರ ಒಪ್ಪಿಗೆಯಾಗದಿದ್ದರೆ, ಉತ್ತರ ಕೈಸೇರಿದ 30 ದಿನದೊಳಗೆ ಕೇಂದ್ರ ಸರ್ಕಾರದ ದೂರು ಮೇಲ್ಮನವಿ ಸಮಿತಿಗೆ ಹೋಗಬಹುದು. 2023ರಿಂದ ಈ ಸಮಿತಿ ಇದೆ. “ಡೆಲ್ಲಿಗೆ ಹೋಗಬೇಕಾ?” ಎಂದು ಕೇಳುತ್ತಾರೆ. ಬೇಡ, ಎಲ್ಲಾ ಆನ್‌ಲೈನ್. ಖಾತೆ ವಾಪಸ್ ಬಂದೇ ಬರುತ್ತದೆ ಎಂದು ನಾನು ಯಾರಿಗೂ ಮಾತು ಕೊಡುವುದಿಲ್ಲ. ಈ ನಿಯಮಗಳಿಗೆ ಆಗಾಗ ತಿದ್ದುಪಡಿಯೂ ಆಗುತ್ತಿರುತ್ತದೆ, ಗಡುವನ್ನು ಅರ್ಜಿ ಹಾಕುವ ದಿನವೇ ನೋಡಿಕೊಳ್ಳಿ.

“ಅವರು ಅಷ್ಟು ದೊಡ್ಡೋರು, ನಮ್ಮ ಕಾಗದಕ್ಕೆ ಹೆದರ್ತಾರಾ?” ಎಂದರು ಮಂಡಿಯವರು. ಅವರಿಗೆ ಗೂಗಲ್ ಕಥೆ ಹೇಳಿದೆ. ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್ ನಡೆಸುತ್ತಿದ್ದ ದರ್ಬಾರಿನ ಬಗ್ಗೆ, ಮಾರುಕಟ್ಟೆಯಲ್ಲಿ ದೊಡ್ಡವರ ದಬ್ಬಾಳಿಕೆ ತಡೆಯುವ ಭಾರತೀಯ ಸ್ಪರ್ಧಾ ಆಯೋಗಕ್ಕೆ ಬರೆದುಕೊಟ್ಟವರು ಮೂವರು ಯುವಜನರು. ಅವರ ಬೆನ್ನಿಗೆ ಯಾವ ದೊಡ್ಡ ಕಂಪನಿಯೂ ಇರಲಿಲ್ಲ. ಆ ಕಾಗದದಿಂದ ಹೊರಟ ಕೇಸು 2022ರ ಅಕ್ಟೋಬರಿನಲ್ಲಿ 1,337.76 ಕೋಟಿ ರೂಪಾಯಿ ದಂಡಕ್ಕೆ ಬಂದು ನಿಂತಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆಯೋಗದ ಕೆಲವು ನಿರ್ದೇಶನಗಳನ್ನು ಕೈಬಿಟ್ಟಿತು, ದಂಡವನ್ನು ಮಾತ್ರ ಹಾಗೇ ಉಳಿಸಿತು.

ಜನರ ಕೂಗಿಗೂ ಬೆಲೆ ಇದೆ. 2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ‘ಹೊಸ ಷರತ್ತು ಒಪ್ಪಿ, ಇಲ್ಲದಿದ್ದರೆ ಬಿಡಿ’ ಎಂಬ ಧಾಟಿಯಲ್ಲಿ ನೋಟಿಸ್ ಕೊಟ್ಟಾಗ ನಮ್ಮ ವಕೀಲರ ಗ್ರೂಪುಗಳೂ ಸಿಗ್ನಲ್ ಎಂಬ ಇನ್ನೊಂದು ಆ್ಯಪಿಗೆ ಹೊರಟಿದ್ದವು. ಫೆಬ್ರವರಿ 8ರ ಗಡುವು ಮೇ 15ಕ್ಕೆ ಹೋಯಿತು. ಆದರೆ ಅದೇ ವಿಷಯಕ್ಕೆ 2024ರ ನವೆಂಬರಿನಲ್ಲಿ ವಾಟ್ಸ್‌ಆ್ಯಪಿನ ಮಾಲೀಕ ಕಂಪನಿ ಮೆಟಾ ಮೇಲೆ 213.14 ಕೋಟಿ ದಂಡ ಬಿದ್ದದ್ದು ಆಯೋಗ ತಾನಾಗಿ ಫೈಲು ತೆರೆದು ತನಿಖೆ ಮಾಡಿಸಿದ್ದರಿಂದ.

ಮಂಡಿಯವರಿಂದ ಆ್ಯಪ್ ಮತ್ತೆ ಹಾಕಿಸಿದೆವು. ಪುಣ್ಯಕ್ಕೆ ಅದೇ ಸಾಲು ಮತ್ತೆ ಬಂತು. ಸ್ಕ್ರೀನ್‌ಶಾಟ್ ತೆಗೆದು, ದೂರು ಅಧಿಕಾರಿಗೆ ಒಂದೂವರೆ ಪುಟ ಬರೆದೆವು. ಮರುದಿನ ಸ್ವೀಕೃತಿ ಬಂತು. ಹನ್ನೆರಡನೇ ದಿನ ಖಾತೆ ತೆರೆಯಿತು. ಯಾಕೆ ಮುಚ್ಚಿದ್ದರು ಎಂದು ಮಾತ್ರ ಹೇಳಲಿಲ್ಲ.

“ಬಿಡಿ ಸಾರ್, ಕೆಲಸ ಆಯ್ತಲ್ಲ” ಎಂದರು. ಬಿಡಬೇಡಿ ಎಂದೆ. ಹನ್ನೆರಡು ಬೆಳಗು ರೈತರಿಗೆ ರೇಟು ಹೋಗಿಲ್ಲ. ಕಾರಣ ಕೇಳಿ ಇನ್ನೊಂದು ಪತ್ರ ಹಾಕಿದ್ದೇವೆ. ಅದಕ್ಕೂ ಸ್ವೀಕೃತಿ ಬಂದಿದೆ. ಅವರು ಅದರ ಪ್ರಿಂಟ್ ತೆಗೆಸಿ, ತಾರೀಕು ಬರೆದು, ಬಿಲ್ ಪುಸ್ತಕದೊಳಗೆ ಇಟ್ಟುಕೊಂಡಿದ್ದಾರೆ.